ಕೋಶಕಾರ ಸರ್ ಜೇಮ್ಸ್ ಮರ್ರೆಯವರು

ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷು ಪಾಠವನ್ನು ಗಟ್ಟಿಯಾಗಿ ಓದುತ್ತಿರುವಾಗ, ಅದುವರೆಗೆ ಕಂಡಿಲ್ಲದ ಒಂದು ಶಬ್ದವು ಥಟ್ಟನೆ ಎದುರಾದರೆ ಏನಾಗುವುದೆಂಬುದನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತವರಾರೂ ಮರೆತಿರಲಾರರು. ನಾಲಿಗೆ ತಡೆಯುತ್ತದೆ, ಕಣ್ಣಿಗೆ ಕಾಣುವ ಅಕ್ಷರಗಳು ಒಂದನ್ನು ಹೇಳಿದರೆ ಕಿವಿಯು ಇನ್ನೊಂದನ್ನು ಶಂಕಿಸುತ್ತದೆ, ಹಿಂದಿನ ಬೆಂಚಿನಿಂದ ಅಡಗಿಸಿದ ನಗುವಿನ ಸದ್ದು ಕೇಳಿಬರುತ್ತದೆ. ಅಂತಹ ಶಬ್ದಗಳಲ್ಲಿ ಬಾಂಡ್‌ಮೇಡ್ ಎಂಬುದೂ ಒಂದು. ನಿತ್ಯದ ಮಾತುಕತೆಯಲ್ಲಾಗಲಿ ವೃತ್ತಪತ್ರಿಕೆಗಳಲ್ಲಾಗಲಿ ಅದು ಕಾಣಸಿಗುವುದಿಲ್ಲ. ೧೬೧೧ರಲ್ಲಿ ಅಚ್ಚಾದ ಇಂಗ್ಲಿಷು ಸತ್ಯವೇದದಲ್ಲಿ, ಯಾಜಕಕಾಂಡದಲ್ಲಿಯೂ, ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಹಾಗರಳ ಪ್ರಸ್ತಾಪ ಬರುವ ಸ್ಥಳದಲ್ಲಿಯೂ ಅದು ಉಂಟು. ಇದನ್ನು ಹೇಗೆ ಉಚ್ಚರಿಸಬೇಕು, ಇದರ ಅರ್ಥವೇನು ಎಂಬ ಎರಡು ಪ್ರಶ್ನೆಗಳು ಹುಟ್ಟಿದ ಕೂಡಲೆ ನಾವು ನಿಘಂಟಿನ ಕಡೆಗೆ ಕೈ ನೀಡುತ್ತೇವೆ.

ಆದರೆ ಆಶ್ಚರ್ಯದ ಸಂಗತಿಯೊಂದುಂಟು. ಇಂಗ್ಲಿಷು ಭಾಷೆಯ ನಿಘಂಟುಗಳಲ್ಲೆಲ್ಲ ಅತ್ಯಂತ ಹಿರಿದಾದ ಆಕ್ಸ್‌ಫರ್ಡ್ ನಿಘಂಟಿನಲ್ಲಿ, ಈ ಶಬ್ದವು ಇರಬೇಕಾಗಿದ್ದ ಭಾಗವು ೧೮೮೭ರಲ್ಲಿ ಅಚ್ಚಾಗಿ ಹೊರಬಂದಾಗ, ಈ ಶಬ್ದವೊಂದು ಅಲ್ಲಿ ಇರಲೇ ಇಲ್ಲ. ಆ ನಿಘಂಟಿನ ಪ್ರಧಾನ ಸಂಪಾದಕರೋ, ಒಂದೊಂದು ಶಬ್ದದ ಉಚ್ಚಾರಣೆಗಾಗಿಯೂ ಅರ್ಥಕ್ಕಾಗಿಯೂ ತಮ್ಮ ಜೀವಮಾನವನ್ನೇ ಸವೆಸಿದ ಮಹನೀಯರು. ಅಂತಹವರ ಕೈಯಿಂದ ಈ ದಾಸಿಯ ಹೆಸರು ಹೇಗೆ ಜಾರಿತು, ಹೇಗೆ ಮರಳಿ ದೊರೆಯಿತು ಎಂಬುದನ್ನೂ, ಆ ಮಹನೀಯರ ಚರಿತ್ರೆಯನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದೆ ಇಡಬೇಕೆಂದು ನಾವು ಇಲ್ಲಿ ಯತ್ನಿಸುತ್ತೇವೆ.

ಜೇಮ್ಸ್ ಮರ್ರೆಯವರು ೧೮೩೭ನೆಯ ಇಸವಿ ಫೆಬ್ರವರಿ ೭ನೆಯ ತಾರೀಖಿನಂದು ಸ್ಕಾಟ್‌ಲೆಂಡಿನ ದಕ್ಷಿಣ ಗಡಿಯ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ತಾಮಸ್ ಮರ್ರೆಯವರು ದರ್ಜಿಯ ಕಸಬಿನವರು; ಭಕ್ತಿವಂತರು, ಆದರೆ ಬಡವರು. ಬಾಲಕನಿಗೆ ಕಣ್ಣಿಗೆ ಬಿದ್ದುದನ್ನೆಲ್ಲ ಕಲಿಯುವ ಹಂಬಲವಿತ್ತು. ಗಿಡಮೂಲಿಕೆಗಳು, ಕಲ್ಲುಗಳು, ಹಳೆಯ ಕೋಟೆಗಳ ಅವಶೇಷಗಳು, ಪರಭಾಷೆಗಳ ಲಿಪಿಗಳು, ಎಲ್ಲವೂ ಅವನಿಗೆ ಪಾಠಗಳೇ ಆಗಿದ್ದವು. ಹೀಗಿದ್ದರೂ ಮುಂದಿನ ವಿದ್ಯಾಭ್ಯಾಸದ ವೆಚ್ಚವನ್ನು ಹೊರುವ ಶಕ್ತಿ ಮನೆಯವರಿಗೆ ಇರಲಿಲ್ಲವಾದಕಾರಣ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವರು ಶಾಲೆಯನ್ನು ಬಿಡಬೇಕಾಯಿತು. ಮುಂದೆ ವಿದ್ವಾಂಸರಿಗೆಲ್ಲ ಗುರುವೆನಿಸಿದ ಈತನ ಶಾಲಾಭ್ಯಾಸವು ಇಷ್ಟಕ್ಕೇ ಮುಗಿಯಿತು. ಕಲಿಕೆ ಮಾತ್ರ ಮುಗಿಯಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅವರು ಸಮೀಪದ ಊರೊಂದರ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯರಾದರು. ಇಪ್ಪತ್ತನೆಯ ವಯಸ್ಸಿನಲ್ಲಿ ಅದೇ ಊರಿನ ಇನ್ನೊಂದು ಶಾಲೆಗೆ ಮುಖ್ಯೋಪಾಧ್ಯಾಯರಾದರು. ಆ ಊರಿನ ಹೆಸರೇ ಇಂಗ್ಲಿಷು ಉಚ್ಚಾರಣೆಯ ಕಷ್ಟಕ್ಕೆ ಒಳ್ಳೆಯ ನಿದರ್ಶನ. ಬರೆಯುವಾಗ ನಡುವೆ ಡಬ್ಲ್ಯು ಎಂಬ ಅಕ್ಷರವುಂಟು. ಓದುವವರು ಹಾವಿಕ್ ಎಂದೇ ಭಾವಿಸುವರು. ಅಲ್ಲಿನ ನಿವಾಸಿಗಳಾದರೋ ಹಾಯಿಕ್ ಎನ್ನುತ್ತಾರೆ. ಬರೆಹವನ್ನು ನೋಡಿ ನುಡಿಯನ್ನು ಊಹಿಸಬಾರದು, ನುಡಿಯುವವರ ಬಾಯಿಂದಲೇ ಅದನ್ನು ಕೇಳಬೇಕು ಎಂಬ ತತ್ತ್ವವು ಮರ್ರೆಯವರಿಗೆ ತಮ್ಮ ಸುತ್ತಣ ಊರುಗಳಲ್ಲಿಯೇ ದೊರೆತಿದ್ದಿತು. ಗಡಿನಾಡಿನ ಒಕ್ಕಲಿಗರೂ ಕುರುಬರೂ ಆಡುವ ಮಾತನ್ನು ಅವರು ಒರಟೆಂದು ತಿರಸ್ಕರಿಸದೆ, ಒಂದೊಂದು ಧ್ವನಿಯನ್ನೂ ಗಮನವಿಟ್ಟು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಇದೇ ಕಾಲದಲ್ಲಿ ಎಡಿನ್‌ಬರೋ ನಗರದ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಎಂಬುವರ ಪರಿಚಯವಾಯಿತು. ಇವರು ಮಾನವರ ಬಾಯಿಂದ ಹೊರಡುವ ಸಕಲ ಧ್ವನಿಗಳಿಗೂ ಚಿಹ್ನೆಗಳನ್ನು ಕಲ್ಪಿಸಲು ಶ್ರಮಿಸಿದವರು. ಟೆಲಿಫೋನು ಯಂತ್ರವನ್ನು ನಿರ್ಮಿಸಿದ ಗ್ರಹಾಂ ಬೆಲ್ಲರ ತಂದೆ. ಇವರಿಂದ ಮರ್ರೆಯವರಿಗೆ ಧ್ವನಿಶಾಸ್ತ್ರದಲ್ಲಿ ಆಸಕ್ತಿಯು ದೃಢವಾಯಿತು.

೧೮೬೨ರಲ್ಲಿ ಅವರು ಮ್ಯಾಗಿ ಸ್ಕಾಟ್ ಎಂಬ ಸಂಗೀತದ ಉಪಾಧ್ಯಾಯಿನಿಯನ್ನು ಮದುವೆಯಾದರು. ಅವರ ಶಿಶುವು ಎಳೆಯತನದಲ್ಲಿಯೇ ತೀರಿಕೊಂಡಿತು. ಪತ್ನಿಗೂ ಕ್ಷಯವು ತಗಲಿತು. ಸ್ಕಾಟ್‌ಲೆಂಡಿನ ಚಳಿಯನ್ನು ಬಿಟ್ಟು ದಕ್ಷಿಣಕ್ಕೆ ಹೋಗಬೇಕೆಂದು ವೈದ್ಯರು ಹೇಳಿದ್ದರಿಂದ ಮರ್ರೆಯವರು ಮುಖ್ಯೋಪಾಧ್ಯಾಯ ಪದವಿಯನ್ನು ತ್ಯಜಿಸಿ ಲಂಡನ್ನಿಗೆ ಬಂದು, ಹಿಂದೂದೇಶದೊಡನೆ ವ್ಯವಹಾರ ನಡೆಸುತ್ತಿದ್ದ ಚಾರ್ಟರ್ಡ್ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದರು. ಆದರೂ ೧೮೬೫ರಲ್ಲಿ ಆಕೆಯು ಅಗಲಿದಳು. ಜ್ವರದ ತಾಪದಲ್ಲಿ ಮೈಮರೆತಿದ್ದಾಗ ಆಕೆಯು ತಾನು ಕಲಿತ ನಯವಾದ ಇಂಗ್ಲಿಷನ್ನು ಮರೆತು, ಬಾಲ್ಯದ ಗಡಿನಾಡಿನ ನುಡಿಯಲ್ಲಿಯೇ ಮಾತನಾಡಿದಳೆಂಬುದನ್ನು ಪತಿಯು ಗಮನಿಸಿದರಂತೆ. ತಾಯ ಮಡಿಲಲ್ಲಿ ಕೇಳಿದ ಧ್ವನಿಯೇ ಮನುಷ್ಯನಲ್ಲಿ ಕೊನೆಯವರೆಗೂ ಉಳಿಯುವುದೆಂಬುದನ್ನು ಇಷ್ಟು ದುಃಖದಿಂದ ಕಲಿತವರು ವಿರಳ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆಯೂ ಅವರ ಭಾಷಾವ್ಯಾಸಂಗವು ನಿಲ್ಲಲಿಲ್ಲ. ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಜರ್ಮನ್ ಮುಂತಾದವುಗಳಲ್ಲದೆ, ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದುವಷ್ಟು ಹೀಬ್ರೂ ಭಾಷೆಯನ್ನೂ, ಭಾಷೆಗಳನ್ನು ತಾಳೆನೋಡುವುದಕ್ಕೆ ಬೇಕಾದಷ್ಟು ಸಂಸ್ಕೃತವನ್ನೂ ಅವರು ಅರಿತಿದ್ದರು. ಇವೆಲ್ಲವನ್ನೂ ವಿವರಿಸಿ ೧೮೬೬ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಉದ್ಯೋಗಕ್ಕಾಗಿ ಅರ್ಜಿ ಹಾಕಿದರು, ಅದು ದೊರೆಯಲಿಲ್ಲ. ೧೮೬೭ರಲ್ಲಿ ಅವರು ಏಡಾ ರೂತ್ವೆನ್ ಎಂಬ ಕನ್ಯೆಯ ಕೈಹಿಡಿದರು. ಈ ಸಾಧ್ವಿಯು ಹನ್ನೊಂದು ಮಕ್ಕಳ ತಾಯಿಯಾಗಿ, ಹನ್ನೊಂದು ಮಕ್ಕಳನ್ನೂ ಉಳಿಸಿ ಬೆಳೆಸಿದುದಲ್ಲದೆ, ಗಂಡನ ಪತ್ರವ್ಯವಹಾರದಲ್ಲಿಯೂ ನೆರವಾಗಿ, ಆ ಮಹಾಕಾರ್ಯಕ್ಕೆ ಬೆನ್ನೆಲುಬಾಗಿ ನಿಂತಳು. ೧೮೭೦ರಲ್ಲಿ ಮರ್ರೆಯವರು ಲಂಡನ್ನಿನ ಹತ್ತಿರದ ಮಿಲ್ ಹಿಲ್ ಎಂಬ ಶಾಲೆಯಲ್ಲಿ ಮತ್ತೆ ಉಪಾಧ್ಯಾಯರಾದರು. ೧೮೭೩ರಲ್ಲಿ, ದಕ್ಷಿಣ ಸ್ಕಾಟ್‌ಲೆಂಡಿನ ಆಡುನುಡಿಯನ್ನು ಕುರಿತ ಅವರ ಗ್ರಂಥವು ಹೊರಬಂದು, ಹದಿನಾಲ್ಕಕ್ಕೆ ಶಾಲೆ ಬಿಟ್ಟ ದರ್ಜಿಯ ಮಗನು ಭಾಷಾಶಾಸ್ತ್ರಜ್ಞರ ಪಂಕ್ತಿಯಲ್ಲಿ ಕುಳಿತನು. ಮರುವರ್ಷವೇ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಆ ಪದವಿಯ ಗುರುತಾದ ಮಕಮಲ್ಲಿನ ಕುಲಾವಿಯನ್ನು ಅವರು ಕೆಲಸದ ಹೊತ್ತಿನಲ್ಲಿ ನಿತ್ಯವೂ ಧರಿಸುತ್ತಿದ್ದರು.

ಇನ್ನು ನಿಘಂಟಿನ ವಿಷಯ. ಇಂಗ್ಲಿಷಿನ ಕೋಶಗಳಲ್ಲಿರುವ ಕುಂದುಕೊರತೆಗಳನ್ನು ೧೮೫೭ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಮುಂದೆ ಟ್ರೆಂಚ್ ಎಂಬ ಧರ್ಮಗುರುವು ವಿವರಿಸಿದನು. ಕೋಶಕಾರನು ಒಳ್ಳೆಯ ಶಬ್ದ ಕೆಟ್ಟ ಶಬ್ದಗಳನ್ನು ಆರಿಸುವ ನ್ಯಾಯಾಧಿಪತಿಯಲ್ಲ, ಭಾಷೆಯಲ್ಲಿ ಇರುವುದನ್ನೆಲ್ಲ ದಾಖಲೆ ಮಾಡುವ ಚರಿತ್ರಕಾರನು ಎಂಬುದು ಆತನ ಅಭಿಪ್ರಾಯವಾಗಿದ್ದಿತು. ಸಂಘದವರು ಹೊಸ ನಿಘಂಟಿಗೆ ಕೈಯಿಟ್ಟರು. ಮೊದಲ ಸಂಪಾದಕನಾದ ಹರ್ಬರ್ಟ್ ಕೋಲ್‌ರಿಜ್ ೧೮೬೧ರಲ್ಲಿ ತರುಣ ವಯಸ್ಸಿನಲ್ಲಿಯೇ ಕಾಲವಾದನು. ಬಳಿಕ ಬಂದ ಫರ್ನಿವಾಲ್ ಎಂಬುವರ ಕಾಲದಲ್ಲಿ ಕೆಲಸವು ಚದರಿಹೋಯಿತು. ಕಡೆಗೆ ೧೮೭೯ನೆಯ ಮಾರ್ಚಿ ೧ರಂದು ಆಕ್ಸ್‌ಫರ್ಡ್ ಮುದ್ರಣಾಲಯದೊಡನೆ ಕರಾರು ಆಗಿ, ಮರ್ರೆಯವರು ಸಂಪಾದಕರಾದರು. ಹತ್ತು ವರ್ಷಗಳೊಳಗೆ ನಾಲ್ಕು ಸಂಪುಟಗಳಲ್ಲಿ ೬,೪೦೦ ಪುಟಗಳಷ್ಟು ಗ್ರಂಥವನ್ನು ಮುಗಿಸಬೇಕೆಂಬುದೇ ಆ ಕರಾರು.

ಶಾಲೆಯ ಹತ್ತಿರ ಅವರು ಕಬ್ಬಿಣದ ತಗಡಿನ ಒಂದು ಕೊಠಡಿಯನ್ನು ಕಟ್ಟಿಸಿ, ಗೋಡೆಯುದ್ದಕ್ಕೂ ಪಾರಿವಾಳದ ಗೂಡುಗಳಂತಹ ೧,೦೨೯ ಖಾನೆಗಳನ್ನು ಮಾಡಿಸಿದರು. ಹಿಂದಿನವರು ಸಂಗ್ರಹಿಸಿದ ಚೀಟಿಗಳು ಚೀಲಗಳಲ್ಲಿ ಬಂದಿಳಿದವು. ಅವುಗಳ ತೂಕ ಸುಮಾರು ಎರಡು ಟನ್ನುಗಳು. ಒಂದು ಚೀಲದಲ್ಲಿ ಸತ್ತ ಹೆಗ್ಗಣವಿದ್ದಿತು. ಇನ್ನೊಂದರಲ್ಲಿ ಇಲಿಯೊಂದು ಮರಿಗಳೊಡನೆ ಸಂಸಾರ ಹೂಡಿದ್ದಿತು. ಒಂದು ಅಕ್ಷರದ ಚೀಟಿಗಳು ಇಟಲಿ ದೇಶದಲ್ಲಿ ಸಿಕ್ಕಿದವು. ಪಿ ಅಕ್ಷರದ ಕೆಲವಂತೂ ಐರ್ಲೆಂಡಿನ ಒಂದು ಲಾಯದಲ್ಲಿ ಒಲೆ ಹೊತ್ತಿಸುವುದಕ್ಕೆ ಬಳಕೆಯಾಗಿಹೋಗಿದ್ದವು. ಮರ್ರೆಯವರು ಧೈರ್ಯಗುಂದಲಿಲ್ಲ. ಇಂಗ್ಲಿಷು ಓದಬಲ್ಲ ಸಮಸ್ತರಿಗೂ ಒಂದು ವಿಜ್ಞಾಪನೆಯನ್ನು ಅಚ್ಚು ಹಾಕಿಸಿ ಹಂಚಿದರು. ಪುಸ್ತಕಗಳನ್ನು ಓದುತ್ತಾ, ಗಮನಾರ್ಹವಾದ ಶಬ್ದವು ಕಂಡರೆ ಅರ್ಧಹಾಳೆಯ ಮೇಲೆ ಆ ಶಬ್ದವನ್ನೂ, ಗ್ರಂಥದ ಹೆಸರು, ಇಸವಿ, ಪುಟಗಳನ್ನೂ, ಆ ಶಬ್ದವು ಬಂದ ಪೂರ್ಣ ವಾಕ್ಯವನ್ನೂ ಬರೆದು ಕಳುಹಿಸಬೇಕೆಂದು ಬೇಡಿಕೊಂಡರು. ಬಾತ್ ಎಂಬ ಊರಿನ ಎಡಿತ್ ತಾಂಪ್ಸನ್ ಎಂಬಾಕೆಯೂ ಆಕೆಯ ಸೋದರಿಯೂ ವರ್ಷಗಟ್ಟಲೆ ಹೀಗೆ ಸಾವಿರಾರು ಚೀಟಿಗಳನ್ನು ಬರೆದರು. ಹುಚ್ಚರ ಸೆರೆಮನೆಯಲ್ಲಿ ಬಂದಿಯಾಗಿದ್ದ ಅಮೆರಿಕದ ವೈದ್ಯ ಮೈನರ್ ಎಂಬಾತನೂ ತನ್ನ ಕೊಠಡಿಯಿಂದಲೇ ಸಹಸ್ರಾರು ವಾಕ್ಯಗಳನ್ನು ಕಳುಹಿಸಿದನು. ಬಂದವರ ಸ್ಥಾನಮಾನಗಳನ್ನು ಮರ್ರೆಯವರು ವಿಚಾರಿಸಲಿಲ್ಲ. ಚೀಟಿಯು ನಿರ್ದುಷ್ಟವಾಗಿದೆಯೆ ಎಂಬುದೊಂದೇ ಅವರ ಪರೀಕ್ಷೆ. ಕಟ್ಟಕಡೆಗೆ ಹೀಗೆ ಕೂಡಿದ ಚೀಟಿಗಳ ಸಂಖ್ಯೆ ೫೦ ಲಕ್ಷದಷ್ಟಾಯಿತು.

ಒಂದು ಶಬ್ದದ ಚೀಟಿಗಳನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿದಾಗ ಆ ಶಬ್ದದ ಜೀವನಚರಿತ್ರೆಯೇ ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದಿತು. ಅದು ಎಂದು ಹುಟ್ಟಿತು, ಯಾವ ಅರ್ಥದಿಂದ ಯಾವ ಅರ್ಥಕ್ಕೆ ಹೊರಳಿತು, ಎಂದು ಬಳಕೆ ತಪ್ಪಿತು ಎಂಬುದು ವಾಕ್ಯಗಳಿಂದಲೇ ವ್ಯಕ್ತವಾಗುತ್ತಿದ್ದಿತು. ಅರ್ಥವನ್ನು ಕೋಶಕಾರನು ವಿಧಿಸುವುದಲ್ಲ, ಬಳಸಿದವರ ವಾಕ್ಯಗಳಿಂದ ಕಂಡುಕೊಳ್ಳುವುದು. ಇಂತಹ ಪದ್ಧತಿಯೇ ನಮ್ಮ ನಾಡಿಗೂ ಉಪಕಾರ ಮಾಡಿರುವುದುಂಟು. ಅದೇ ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ೧೮೯೪ರಲ್ಲಿ ಹೊರಬಂದ ಕಿಟ್ಟೆಲ್ ಪಂಡಿತರ ಕನ್ನಡ-ಇಂಗ್ಲಿಷು ನಿಘಂಟಿನಲ್ಲಿಯೂ ಹಳೆಯ ಕಾವ್ಯಗಳ ಪ್ರಯೋಗಗಳನ್ನೂ ಜನರ ಗಾದೆಗಳನ್ನೂ ಆಧಾರವಾಗಿ ಕೊಟ್ಟಿರುವುದನ್ನು ನಾವು ಕಾಣುತ್ತೇವೆ.

ಉಚ್ಚಾರಣೆಯ ವಿಷಯದಲ್ಲಿ ಮರ್ರೆಯವರ ಮತವು ಇನ್ನೂ ವಿಶೇಷವಾದದ್ದು. ಬಾಯಿಂದ ಹೊರಡುವ ಧ್ವನಿಯೇ ಜೀವಂತವಾದ ಶಬ್ದ, ಬರೆಹವು ಅದರ ಗುರುತು ಮಾತ್ರ ಎಂದು ಅವರು ಸಾರಿದರು. ಆದುದರಿಂದ ನಿಘಂಟಿನ ಪ್ರತಿಯೊಂದು ಶಬ್ದದ ಪಕ್ಕದಲ್ಲಿಯೂ ಅದರ ಧ್ವನಿಯನ್ನು ತಿಳಿಸುವ ವಿಶೇಷ ಚಿಹ್ನೆಗಳನ್ನು ಅವರೇ ಯೋಚಿಸಿ ಅಳವಡಿಸಿದರು. ಹೂದಾನಿಗೆ ಇಂಗ್ಲಿಷಿನಲ್ಲಿರುವ ಹೆಸರನ್ನು ಕೆಲವರು ವಾಜ್ ಎಂದೂ ಕೆಲವರು ವೇಸ್ ಎಂದೂ ಮತ್ತೆ ಕೆಲವರು ಬೇರೆ ಬಗೆಯಾಗಿಯೂ ನುಡಿಯುವುದನ್ನು ಕುರಿತು, ಯಾವುದು ಸರಿಯೆಂದು ಒಬ್ಬರು ಅವರನ್ನು ಪತ್ರಮುಖೇನ ಕೇಳಿದರು. ಎಲ್ಲರೂ ಒಂದೇ ರೀತಿ ನಡೆಯುವುದಿಲ್ಲ, ಉಡುವುದಿಲ್ಲ, ಉಣ್ಣುವುದಿಲ್ಲ. ಮಾತು ತಿಳಿಯುವಂತಿದ್ದು ಅದರ ಸೊಬಗು ಕೆಡದಿದ್ದರೆ ನುಡಿಯುವುದರಲ್ಲಿಯೂ ಅವರವರಿಗೆ ಸ್ವಾತಂತ್ರ್ಯವಿರಲಿ ಎಂಬ ಅಭಿಪ್ರಾಯದ ಉತ್ತರವನ್ನು ಅವರು ಕೊಟ್ಟರು. ಇನ್ನೊಂದು ಕಡೆ ಅವರಿಗೂ ತಮ್ಮದೇ ಆದ ಹಟವೊಂದಿದ್ದಿತು. ಗ್ರೀಕ್ ಮೂಲದ ಕೆಲವು ಶಬ್ದಗಳು ಪಿ, ಎಸ್ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ; ಆಂಗ್ಲೇಯರು ಮೊದಲಿನ ಅಕ್ಷರವನ್ನು ನುಡಿಯದೆ ಬಿಡುತ್ತಾರೆ. ಕೀರ್ತನೆಯೆಂಬರ್ಥದ ಸಾಮ್ ಎಂಬಂತಹ ರೂಢಿಯ ಶಬ್ದಗಳಲ್ಲಿ ಇದು ಇರಲಿ, ಆದರೆ ಸೈಕಾಲಜಿ ಮೊದಲಾದ ಶಾಸ್ತ್ರೀಯ ಶಬ್ದಗಳಲ್ಲಿ ಪಕಾರವನ್ನು ನುಡಿಯುವುದೇ ಯುಕ್ತವೆಂದು ಮರ್ರೆಯವರು ಸೂಚಿಸಿದರು. ಜನರು ಕೇಳಲಿಲ್ಲ, ಪಕಾರವು ಇಂದಿಗೂ ಮೌನವಾಗಿಯೇ ಇದೆ. ನುಡಿಯ ಒಡೆತನವು ನುಡಿಯುವವರದು, ಕೋಶಕಾರನದಲ್ಲ ಎಂಬ ಅವರ ಸಿದ್ಧಾಂತಕ್ಕೆ ಅವರ ಸೋಲೇ ಸಾಕ್ಷಿಯಾಯಿತು.

೧೮೮೪ರಲ್ಲಿ ನಿಘಂಟಿನ ಮೊದಲ ಭಾಗವು ೩೫೨ ಪುಟಗಳಲ್ಲಿ ಪ್ರಕಟವಾಯಿತು. ಐದು ವರ್ಷಗಳ ಶ್ರಮಕ್ಕೆ ಎ ಅಕ್ಷರವೇ ಮುಗಿಯದೆ, ಇರುವೆಯನ್ನು ಹೇಳುವ ಆ್ಯಂಟ್ ಎಂಬ ಶಬ್ದದವರೆಗೆ ಮಾತ್ರ ಬಂದಿದ್ದಿತು. ಕೆಲಸವನ್ನು ಬೇಗ ಮುಗಿಸಬೇಕೆಂದು ಮುದ್ರಣಾಲಯದ ಅಧಿಕಾರಿಗಳು ಒತ್ತಾಯಪಡಿಸಿದರು. ಮರ್ರೆಯವರು ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ೧೮೮೫ರಲ್ಲಿ ಸಂಸಾರಸಮೇತರಾಗಿ ಆಕ್ಸ್‌ಫರ್ಡಿಗೆ ಬಂದರು. ಬ್ಯಾನ್‌ಬರಿ ರಸ್ತೆಯ ಮನೆಯ ತೋಟದಲ್ಲಿ ಇನ್ನೊಂದು ತಗಡಿನ ಕೊಠಡಿಯು ಎದ್ದಿತು. ನೆರೆಮನೆಯವರ ನೋಟಕ್ಕೆ ಅಡ್ಡಿಯಾಗದಂತೆ ಅದನ್ನು ಮೂರಡಿಯಷ್ಟು ನೆಲದೊಳಕ್ಕೆ ಇಳಿಸಿ ಕಟ್ಟಬೇಕಾಯಿತು. ಬೇಸಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ತೇವ. ನೆಲದ ಗಾಳಿಯು ತಾಕದಿರಲೆಂದು ಅವರು ಪಾದಗಳನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರೆಯುತ್ತಿದ್ದರು. ಬಂದುಹೋಗುವ ಕಾಗದಗಳು ಎಷ್ಟಿದ್ದವೆಂದರೆ, ಅಂಚೆಯ ಇಲಾಖೆಯವರು ಅವರ ಮನೆಯ ಬಾಗಿಲಿಗೇ ಒಂದು ಅಂಚೆ ಪೆಟ್ಟಿಗೆಯನ್ನು ನಿಲ್ಲಿಸಿದರು. ಮನೆಯ ಮಕ್ಕಳೆಲ್ಲರೂ ಅಕ್ಷರ ಕಲಿತ ಕೂಡಲೆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಲು ಕುಳಿತುಕೊಳ್ಳುವರು; ವಯಸ್ಸಿಗೆ ತಕ್ಕಂತೆ ಗಂಟೆಗಿಷ್ಟೆಂದು ಪುಡಿಗಾಸೂ ಸಿಗುವುದು. ಹೆಣ್ಣುಮಕ್ಕಳಲ್ಲಿ ಎಲ್ಸಿ, ರಾಸ್‌ಫ್ರಿತ್ ಎಂಬ ಇಬ್ಬರು ದೊಡ್ಡವರಾದ ಮೇಲೂ ಆ ಕೊಠಡಿಯಲ್ಲಿಯೇ ವರ್ಷಾನುವರ್ಷ ತಂದೆಗೆ ಸಹಾಯಕರಾಗಿ ದುಡಿದರು. ಹಿಲ್ಡಾ ಎಂಬಾಕೆಯು ಮುಂದೆ ಕೇಂಬ್ರಿಜಿನ ಗರ್ಟನ್ ಮಹಿಳಾ ಕಾಲೇಜಿನಲ್ಲಿ ಅಧ್ಯಾಪಿಕೆಯಾದಳು.

ಈಗ ನಮ್ಮ ಶಬ್ದಕ್ಕೆ ಮರಳೋಣ. ಬಾಂಡ್‌ಮೇಡ್ ಎಂಬುದನ್ನು ಕನ್ನಡದಲ್ಲಿ ದೀರ್ಘವಾಗಿ ಬರೆದರೂ ಮೊದಲಿನ ಸ್ವರವು ಇಂಗ್ಲಿಷಿನಲ್ಲಿ ಹ್ರಸ್ವ. ತುಟಿಗಳನ್ನು ತುಸು ದುಂಡಗೆ ಮಾಡಿ ಆಕಾರಕ್ಕೂ ಒಕಾರಕ್ಕೂ ನಡುವೆ ನುಡಿಯಬೇಕಾದ ಈ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಅರ್ಥವು ಕೂಲಿಯಿಲ್ಲದೆ, ಬಿಡುಗಡೆಯಿಲ್ಲದೆ ಒಡೆಯನಿಗೆ ಅಧೀನಳಾದ ದಾಸಿ ಎಂದು. ಬಾಂಡ್ ಎಂದರೆ ಕಟ್ಟು ಎಂಬುದರಿಂದ ಇದು ಬಂದಿತೆಂದು ಯಾರಿಗಾದರೂ ತೋರುವುದು, ಮೂಲವು ಹಾಗಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಬೋಂಡಾ ಎಂದರೆ ಮನೆಯ ಯಜಮಾನ, ಸ್ವತಂತ್ರನಾದ ಗೃಹಸ್ಥ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ರೈತರು ಹೊಸ ಒಡೆಯರ ಜಮೀನಿಗೆ ಅಂಟಿದ ಆಳುಗಳಾಗಲು, ಅವರ ಹೆಸರಿನ ಅರ್ಥವೂ ಅವರೊಡನೆಯೇ ಕೆಳಗಿಳಿಯಿತು. ಆಮೇಲೆ ಕಟ್ಟು ಎಂಬರ್ಥದ ಶಬ್ದದ ನೆರಳೂ ಅದರ ಮೇಲೆ ಬಿದ್ದು, ದಾಸ್ಯವೆಂಬ ಅರ್ಥವೇ ನಿಂತಿತು. ಪತಿಯೆಂಬರ್ಥದ ಹಸ್ಬೆಂಡ್ ಎಂಬ ಶಬ್ದದ ಕೊನೆಯಲ್ಲಿರುವುದೂ ಇದೇ ಬೋಂಡಾ. ಒಂದೇ ಶಬ್ದವು ಒಂದು ಕಡೆ ಮನೆಯ ಯಜಮಾನನಾಗಿಯೂ, ಇನ್ನೊಂದು ಕಡೆ ಅದೇ ಮನೆಯ ಮೂಲೆಯಲ್ಲಿ ಕಣ್ಣೀರಿಡುವ ದಾಸಿಯಾಗಿಯೂ ಉಳಿದಿರುವುದು ವಿಚಾರಮಾಡತಕ್ಕ ಸಂಗತಿಯಲ್ಲವೆ?

ಈ ಶಬ್ದದ ಚೀಟಿಗಳು ಹೇಗೋ ಕಟ್ಟಿನಿಂದ ತಪ್ಪಿಹೋಗಿದ್ದವು. ಅಚ್ಚಾದ ಬಹುಕಾಲದ ಮೇಲೆ, ೧೯೦೧ರಲ್ಲಿ, ಒಬ್ಬ ವಾಚಕರು ಈ ಲೋಪವನ್ನು ಪತ್ರ ಬರೆದು ತಿಳಿಸಿದರು. ಮರ್ರೆಯವರು ನೆಪಗಳನ್ನು ಹುಡುಕಲಿಲ್ಲ. ಹಸ್ತಪ್ರತಿಯಿಂದ ಅಚ್ಚಿನ ಫಲಕದವರೆಗೆ ಸುಮಾರು ಮೂವತ್ತು ಮಂದಿ ನೋಡಿದ್ದರೂ ಯಾರಿಗೂ ಇದು ಹೊಳೆಯಲಿಲ್ಲವೆಂದೂ, ತಮ್ಮ ಕಟ್ಟುನಿಟ್ಟಾದ ಏರ್ಪಾಡಿನಲ್ಲಿ ಇದು ಅಸಂಭವವೆಂದೇ ತಾವು ನಂಬಿದ್ದರೆಂದೂ, ಹೇಗಾಯಿತೆಂಬುದು ವಿವರಣೆಗೇ ಸಿಲುಕದೆಂದೂ ಒಪ್ಪಿಕೊಂಡರು. ಲಕ್ಷಾಂತರ ಚೀಟಿಗಳಲ್ಲಿ ಒಂದು ಶಬ್ದವು ತಪ್ಪಿದರೆ ಲೋಕವು ಮುಳುಗುವುದಿಲ್ಲ. ಆದರೆ ಇರುವ ಶಬ್ದಗಳೆಲ್ಲಕ್ಕೂ ಸಮಾನವಾದ ಸ್ಥಾನವೆಂದು ಮಾತುಕೊಟ್ಟವರಿಗೆ, ಅರಸನ ಬಿರುದು ತಪ್ಪಿದರೂ ದಾಸಿಯ ಹೆಸರು ತಪ್ಪಿದರೂ ನೋವು ಒಂದೇ.

ಇನ್ನೊಂದು ಶಬ್ದವನ್ನು ಅವರು ಬುದ್ಧಿಪೂರ್ವಕವಾಗಿಯೇ ಬಿಟ್ಟಿದ್ದರು. ಕರುಳಬಾಲದ ಉರಿಯೂತಕ್ಕೆ ವೈದ್ಯರು ಇಟ್ಟ ಅಪೆಂಡಿಸೈಟಿಸ್ ಎಂಬ ಹೊಸ ಹೆಸರು ಬರಿಯ ಪಾರಿಭಾಷಿಕವೆಂದು ವೈದ್ಯಕೀಯ ಪಂಡಿತರ ಸಲಹೆಯ ಮೇರೆಗೆ ಕೈಬಿಟ್ಟರು. ೧೯೦೨ರಲ್ಲಿ ಅದೇ ರೋಗದಿಂದ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವು ಮುಂದಕ್ಕೆ ಹೋಗಲು, ನಿಘಂಟಿನಲ್ಲಿಲ್ಲದ ಆ ಶಬ್ದವು ಜನರೆಲ್ಲರ ನಾಲಿಗೆಯ ಮೇಲೆ ಕುಣಿಯಿತು. ಇಂದು ಅಪರೂಪವಾದದ್ದು ನಾಳೆ ಮನೆಮಾತಾಗಬಹುದು. ಇಂದಿನ ಮನೆಮಾತು ನಾಳೆ ಅಪರೂಪವಾಗಬಹುದು. ಆದಕಾರಣ ಯಾವ ಶಬ್ದವನ್ನೂ ಅಲ್ಪವೆಂದು ತಳ್ಳಲಾಗದು.

ಸಂಪುಟಗಳು ಬೆಳೆದಂತೆ ಹೆನ್ರಿ ಬ್ರ್ಯಾಡ್ಲಿ, ವಿಲಿಯಂ ಕ್ರೇಗಿ, ಚಾರ್ಲ್ಸ್ ಆನ್ಯನ್ಸ್ ಎಂಬ ವಿದ್ವಾಂಸರು ಒಬ್ಬರಾದ ಮೇಲೊಬ್ಬರು ಸಹಸಂಪಾದಕರಾಗಿ ಸೇರಿದರು. ಆದರೂ ಸುಮಾರು ಅರ್ಧದಷ್ಟು ಪುಟಗಳು ಮರ್ರೆಯವರೊಬ್ಬರ ಹೊಣೆಯಲ್ಲಿಯೇ ಸಿದ್ಧವಾದವು. ೧೯೦೮ರಲ್ಲಿ ಸರ್ಕಾರವು ಅವರಿಗೆ ಸರ್ ಪದವಿಯನ್ನು ಕೊಟ್ಟಿತು. ಮೂವತ್ತು ವರ್ಷ ತನ್ನ ಮಡಿಲಲ್ಲಿಯೇ ದುಡಿದವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನು ಕೊಟ್ಟುದು ೧೯೧೪ರಲ್ಲಿ. ತಮ್ಮ ಎಂಬತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, ಎಂದರೆ ೧೯೧೭ರಲ್ಲಿ, ಗ್ರಂಥವನ್ನು ಮುಗಿಸಬೇಕೆಂದು ಅವರ ಆಸೆಯಿತ್ತು. ೧೯೧೫ನೆಯ ಜುಲೈ ೧೦ರಂದು ಆ ತಗಡಿನ ಕೊಠಡಿಯಲ್ಲಿ ಸಹಾಯಕರೊಡನೆಯೂ ಇಬ್ಬರು ಹೆಣ್ಣುಮಕ್ಕಳೊಡನೆಯೂ ಅವರ ಕೊನೆಯ ಛಾಯಾಚಿತ್ರವನ್ನು ತೆಗೆಯಲಾಯಿತು. ಆಗ ಅವರ ಕೈಯಲ್ಲಿದ್ದುದು ಟಿ ಅಕ್ಷರ. ಜುಲೈ ೨೬ರಂದು ಪುಪ್ಪುಸದ ಬೇನೆಯಿಂದ ಅವರು ದೈವಾಧೀನರಾದರು. ತಾವು ನೆಟ್ಟ ಮರದ ಪೂರ್ಣ ಫಲವನ್ನು ಅವರು ಕಾಣಲಿಲ್ಲ.

ಹತ್ತು ವರ್ಷದ ಕೆಲಸವೆಂದು ಆರಂಭವಾದುದು ಸುಮಾರು ಐವತ್ತು ವರ್ಷಗಳ ಬಳಿಕ, ೧೯೨೮ನೆಯ ಏಪ್ರಿಲಿನಲ್ಲಿ, ನೆರವೇರಿತು. ೪,೧೪,೮೨೫ ಶಬ್ದಗಳು, ೧೮,೨೭,೩೦೬ ಉದಾಹರಣ ವಾಕ್ಯಗಳು! ಆ ಜೂನ್ ತಿಂಗಳಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲಿನಲ್ಲಿ ಪ್ರಧಾನಮಂತ್ರಿ ಬಾಲ್ಡ್ವಿನ್ನರ ಸಮಕ್ಷಮದಲ್ಲಿ ಔತಣವು ನಡೆಯಿತು. ಔತಣಕ್ಕೆ ಆಹ್ವಾನವಿದ್ದುದು ಪುರುಷರಿಗೆ ಮಾತ್ರ. ಸಾವಿರಾರು ಚೀಟಿಗಳನ್ನು ಬರೆದ ಎಡಿತ್ ತಾಂಪ್ಸನ್, ಮರ್ರೆಯವರ ಮಗಳಾದ ರಾಸ್‌ಫ್ರಿತ್, ಬ್ರ್ಯಾಡ್ಲಿಯವರ ಮಗಳಾದ ಎಲಿನಾರ್, ಈ ಮೂವರು ಮೇಲಿನ ಉಪ್ಪರಿಗೆಯಲ್ಲಿ ಕುಳಿತು, ತಮ್ಮ ಶ್ರಮದ ಉತ್ಸವವನ್ನು ದೂರದಿಂದ ನೋಡಿದರು. ಐದು ವರ್ಷಗಳ ತರುವಾಯ, ೧೯೩೩ರಲ್ಲಿ, ನಿಘಂಟಿಗೆ ಪರಿಶಿಷ್ಟವೊಂದು ಅಚ್ಚಾಯಿತು. ಬಾಂಡ್‌ಮೇಡ್ ಎಂಬ ಶಬ್ದವು ಕಡೆಗೂ ಅದರಲ್ಲಿ ತನ್ನ ಸ್ಥಳವನ್ನು ಪಡೆಯಿತು. ಆ ನಿಘಂಟಿನ ಪರಿಷ್ಕರಣವು ಇಂದಿಗೂ ನಡೆಯುತ್ತಲೇ ಇದೆ. ಪುಸ್ತಕದಲ್ಲಿ ಬಿಟ್ಟುಹೋದವರಿಗೆ ಎಂದಾದರೊಂದು ದಿನ ಸ್ಥಾನವು ದೊರೆಯುವುದುಂಟು. ಪಂಕ್ತಿಯಲ್ಲಿ ಬಿಟ್ಟುಹೋದವರಿಗೂ ದೊರೆಯುವಂತೆ ನೋಡಿಕೊಳ್ಳುವ ಭಾರವು ಬದುಕಿರುವವರದು.

ಪ್ರಿಯ ಭಗಿನಿಯರೇ, ಮಾನ್ಯ ತಾಯಿತಂದೆಗಳೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕುದು ದೊಡ್ಡ ಮಾತೇನೂ ಅಲ್ಲ. ಪ್ರಪಂಚದ ಅತಿದೊಡ್ಡ ಇಂಗ್ಲಿಷು ಕೋಶದ ಕರ್ತರು ಶಬ್ದಗಳನ್ನು ತಿಳಿದುಕೊಂಡುದು ಕೇಳಿ, ತಿಳಿಯದುದನ್ನು ಪತ್ರ ಬರೆದು ಪರರನ್ನು ಕೇಳಿದರು, ತಪ್ಪಿದಾಗ ತಪ್ಪಿದೆವೆಂದರು. ಹಾಗಿರುವಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳು ಹೊಸ ಶಬ್ದದ ಮುಂದೆ ತಡವರಿಸಿ ನಿಂತರೆ ಅದರಲ್ಲಿ ನಾಚಿಕೆಪಡುವುದೇನಿದೆ? ಅವಳನ್ನು ನೋಡಿ ನಗದೆ, ಅವಳ ಪಕ್ಕದಲ್ಲಿ ಕುಳಿತು ನಿಘಂಟನ್ನು ತೆರೆಯೋಣ. ಆ ಶಬ್ದದ ಧ್ವನಿಯೇನು, ಅರ್ಥವೇನು, ಅದು ಯಾರ ಸುಖದುಃಖಗಳನ್ನು ಹೊತ್ತು ಬಂದಿದೆಯೆಂದು ಅವಳೊಡನೆ ಹುಡುಕೋಣ. ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಹೀಗೆ ಮಾಡಬಲ್ಲರು. ಹದಿನಾಲ್ಕಕ್ಕೆ ಶಾಲೆ ಬಿಟ್ಟವರೊಬ್ಬರು ಎಪ್ಪತ್ತೆಂಟರವರೆಗೂ ವಿದ್ಯಾರ್ಥಿಯಾಗಿಯೇ ಇದ್ದರೆಂಬುದನ್ನು ನೆನೆದರೆ, ಕಲಿಯುವ ಕಾಲವು ಮೀರಿತೆಂದು ನಮ್ಮಲ್ಲಿ ಯಾರೂ ಹೇಳುವಂತಿಲ್ಲ.